ದಾಸರಿಗೆ ಹಾಡು ಕಟ್ಟುವ ಲೆಕ್ಕ ಗೊತ್ತಿರಲಿಲ್ವಾ? ಸತ್ಯಾಂಶ ಇಲ್ಲಿದೆ

"ಪುರಂದರದಾಸರು ಪ್ರಾಸ, ತಾಳ ಅಂತ ತಲೆ ಕೆಡಿಸಿಕೊಳ್ಳಲಿಲ್ಲ, ಭಕ್ತಿ ಉಕ್ಕಿತು, ಹಾಡಾಯಿತು" ಅನ್ನುವ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಅರ್ಧ ಮಾತ್ರ ನಿಜ.

'ಭಾಗ್ಯದ ಲಕ್ಷ್ಮೀ ಬಾರಮ್ಮ' ತಗೊಳ್ಳಿ. ಒಂದು ಚರಣದ ನಾಲ್ಕು ಸಾಲುಗಳ ಮೊದಲ ಪದ ನೋಡಿ: ಹೆಜ್ಜೆಯ, ಗೆಜ್ಜೆ, ಸಜ್ಜನ, ಮಜ್ಜಿಗೆ. ನಾಲ್ಕರಲ್ಲೂ ಎರಡನೇ ಅಕ್ಷರ 'ಜ್ಜ' ಗುಂಪಿನದೇ. ಇದಕ್ಕೆ ಆದಿಪ್ರಾಸ ಅಂತಾರೆ, ಹಳೆಗನ್ನಡ ಕವಿಗಳು ಬಿಡದೆ ಪಾಲಿಸಿದ ನಿಯಮ. ಇನ್ನೊಂದು ಚರಣದಲ್ಲಿ ಕನಕ, ಮನಕಾಮನೆ, ದಿನಕರ, ಜನಕ ಬರುತ್ತವೆ, ಅಲ್ಲಂತೂ ಎರಡನೆಯದಷ್ಟೇ ಅಲ್ಲ, ಮೂರನೇ ವ್ಯಂಜನವೂ ಒಂದೇ. ಸುಮ್ನೆ ಉಕ್ಕಿದ್ದಕ್ಕೆ ಇಷ್ಟು ಅಚ್ಚುಕಟ್ಟು ಬರಲ್ಲ ಅಲ್ವಾ?

ಹಾಗಂತ ಬರೀ ಲೆಕ್ಕವೂ ಅಲ್ಲ. ಲಕ್ಷ್ಮಿ ಮಜ್ಜಿಗೆಯೊಳಗಿನ ಬೆಣ್ಣೆಯಂತೆ ಬರಲಿ ಅನ್ನೋದು ಮೊಸರು ಕಡೆದ ಮನೆಯ ಮಾತು. ಪ್ರಾಸಕ್ಕೆ 'ಜ್ಜ' ಬೇಕಿತ್ತು, ಸಿಕ್ಕಿದ್ದು ಮಜ್ಜಿಗೆ, ಆ ಮಜ್ಜಿಗೆಯಿಂದಲೇ ಇಡೀ ಹಾಡಿನ ಅತಿ ಸುಂದರ ಚಿತ್ರ ಹುಟ್ಟಿತು ಅಂತ ನನಗನಿಸುತ್ತದೆ. ನಿಯಮ ಭಾವಕ್ಕೆ ಅಡ್ಡ ಬರಲಿಲ್ಲ, ದಾರಿ ತೋರಿಸಿತು.

ತಾಳದ ವಿಷಯಕ್ಕೆ ಬಂದರೆ, ದಾಸರು ಸುಳಾದಿ ಎಂಬ, ಹಲವು ಖಂಡಗಳ (ಭಾಗಗಳ) ಹಾಡುಗಳನ್ನೂ ರಚಿಸಿದ್ದಾರೆ. ಅವುಗಳಲ್ಲಿ ಖಂಡದಿಂದ ಖಂಡಕ್ಕೆ ತಾಳವೇ ಬದಲಾಗುತ್ತದೆ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಇವತ್ತಿಗೂ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಮೊದಲ ಸ್ವರಾಭ್ಯಾಸ, ಶುರು ಮಾಡುತ್ತಾರಲ್ಲ, ಆ ಪಾಠಕ್ರಮ ಹಾಕಿಕೊಟ್ಟವರೂ ಅವರೇ ಎನ್ನುತ್ತದೆ ಸಂಪ್ರದಾಯ. ಮಲಹರಿ ರಾಗದ 'ಲಂಬೋದರ ಲಕುಮಿಕರ' ಗೀತೆಯೂ ಅವರದೇ, ರೂಪಕ ತಾಳದಲ್ಲಿದೆ.