ಪಾಯಿಂಟ್ಸ್ ಟೇಬಲ್ ಬಿಡಿ, ಲಾಯರ್ ಏನಂತಾರೆ ಹೇಳಿ

ಸೀಸನ್ ಶುರುವಾಗೋಕೆ ಮುಂಚೆ ಎಲ್ಲಾ ದೇಶದ ಫುಟ್ಬಾಲ್ ಹುಚ್ಚರೂ ಒಂದು ಕೆಲಸ ಮಾಡ್ತಾರೆ, ನಮ್ ಟೀಮ್ ಈ ಸಲ ಎಷ್ಟನೇ ಪ್ಲೇಸಿಗೆ ಬರುತ್ತೆ ಅಂತ ಲೆಕ್ಕ ಹಾಕೋದು. ಹೊಸ ಸ್ಟ್ರೈಕರ್ ಹೆಂಗೆ, ಕೋಚ್ ಹೆಂಗೆ, ಡಿಫೆನ್ಸಲ್ಲಿರೋ ತೂತು ಮುಚ್ಚಿದ್ರಾ, ಇಂಥವು. ಇಂಗ್ಲೆಂಡಲ್ಲಿ ನಾಲ್ಕನೇ ಡಿವಿಷನ್ ಟೀಮ್ ಹಿಂದೆ ಸುತ್ತೋ ತಾತನೂ ಈ ಲೆಕ್ಕ ಹಾಕ್ತಾನೆ. ಆದ್ರೆ ನಾವು ಐಎಸ್‌ಎಲ್‌ಗಿಂತ, ಅಂದ್ರೆ ದೇಶದ ಟಾಪ್ ಲೀಗ್ ಇಂಡಿಯನ್ ಸೂಪರ್ ಲೀಗ್‌ಗಿಂತ, ಕೆಳಗಿನ ಲೀಗ್ ನೋಡೋರು ಇದ್ದೀವಲ್ಲ, ಐ-ಲೀಗು, ಐ-ಲೀಗ್ 2, ಬೆಂಗಳೂರು ಸೂಪರ್ ಡಿವಿಷನ್ನು, ನಮ್ಮದು ಸ್ವಲ್ಪ ಅಡ್ವಾನ್ಸ್ ಲೆವೆಲ್ಲು. ನಾವು ಮೊದಲು ಕೇಳೋದೇ ಈ ಸಲ ಸೀಸನ್ ಇದ್ಯಾ ಅಂತ. ಇದ್ರೆ ಯಾವ ತಿಂಗಳು, ಯಾವ ಹೆಸರಲ್ಲಿ, ಮುಗಿದ ಮೇಲೆ ಗೆದ್ದೋರು ಯಾರು ಅಂತ ಯಾವ ದೇಶದಲ್ಲಿ ಕೂತು ಹೇಳ್ತಾರೆ. ಸ್ಟ್ರೈಕರ್ ವಿಷಯ ಆಮೇಲೆ ನೋಡ್ಕೊಳ್ಳೋಣ.

ಜಾಸ್ತಿ ಆಯ್ತು ಇವನದ್ದು ಅನ್ಸಿದ್ರೆ 2024-25ರ ಐ-ಲೀಗ್ ಕಥೆ ಕೇಳಿ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

12 ಟೀಮು, ಒಂದೊಂದಕ್ಕೆ 22 ಮ್ಯಾಚು. 2025ರ ಏಪ್ರಿಲ್ 6ಕ್ಕೆ ಎಲ್ಲಾ ಮುಗೀತು. ಗೋವಾದ ಚರ್ಚಿಲ್ ಬ್ರದರ್ಸ್ 40 ಪಾಯಿಂಟು, ಇಂಟರ್ ಕಾಶಿ 39. ಬೇರೆ ಕಡೆ ಆಗಿದ್ರೆ ಇಷ್ಟಕ್ಕೆ ಪಟಾಕಿ ಹೊಡೆದು ಮನೆಗೆ ಹೋಗ್ತಿದ್ರು. ಇಲ್ಲಿ ಯಾರೂ ಕುಣಿಯೋ ಹಾಗಿರಲಿಲ್ಲ, ಯಾಕಂದ್ರೆ ಜನವರಿ 13ನೇ ತಾರೀಕಿನ ಒಂದು ಮ್ಯಾಚ್ ಇನ್ನೂ ಮುಗಿದಿರಲಿಲ್ಲ. ಅಂದ್ರೆ ಗ್ರೌಂಡಲ್ಲಿ ಮುಗಿದಿತ್ತು, ನಾಮಧಾರಿ ಎಫ್‌ಸಿಯವರು ಕಾಶಿ ಮೇಲೆ 2-0 ಗೆದ್ದಿದ್ರು, ಫೈಲಲ್ಲಿ ಮುಗಿದಿರಲಿಲ್ಲ. (ಬೆಂಗಳೂರಲ್ಲಿ ನಾಮಧಾರಿ ಅಂದ್ರೆ ಜನಕ್ಕೆ ತರಕಾರಿ ಅಂಗಡಿ ನೆನಪಾಗುತ್ತೆ, ಇದು ಪಂಜಾಬಿನ ಭೈಣಿ ಸಾಹಿಬ್‌ನ ಕ್ಲಬ್ಬು.) ಹಳದಿ ಕಾರ್ಡ್ ಜಾಸ್ತಿಯಾಗಿ ಸಸ್ಪೆಂಡ್ ಆಗಿರೋ ಪ್ಲೇಯರ್‌ನ ಇಳ್ಸಿದ್ದಾರೆ ಅಂತ ಕಾಶಿಯವರು ಕಂಪ್ಲೇಂಟ್ ಕೊಟ್ರು. ದೇಶದ ಫುಟ್ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಹೌದಪ್ಪಾ ತಪ್ಪೇ ಅಂತ ಕಾಶಿಗೆ 3-0 ಬರ್ಕೊಡ್ತು. ಅದೇ ಫೆಡರೇಶನ್ನಿನ ಅಪೀಲು ಸಮಿತಿ ಅದಕ್ಕೆ ತಡೆ ಹಾಕ್ತು, ಲೀಗೆಲ್ಲಾ ಮುಗಿದ ಮೇಲೆ ಉಲ್ಟಾ ಮಾಡಿ ಪಾಯಿಂಟ್ ವಾಪಸ್ ನಾಮಧಾರಿಗೆ ಕೊಡ್ತು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು, ಎರಡಕ್ಕೂ ಮೇವು ಹಾಕೋರು ಮಾತ್ರ ಒಬ್ರೇ.

ಚರ್ಚಿಲ್ ಚಾಂಪಿಯನ್ ಅಂತ ಘೋಷಣೆ ಆಯ್ತು, ಗೋವಾದಲ್ಲಿ ಟ್ರೋಫಿನೂ ಕೈಗೆ ಕೊಟ್ರು, ಫೋಟೋನೂ ತೆಗೆಸ್ಕೊಂಡ್ರು. ಕಾಶಿಯವರು ಬಿಡ್ತಾರಾ, ಸೀದಾ ಸ್ವಿಟ್ಜರ್ಲೆಂಡು. ಅಲ್ಲಿ ಲೊಸಾನ್ ಅನ್ನೋ ಊರಲ್ಲಿ ಕ್ರೀಡಾ ನ್ಯಾಯಮಂಡಳಿ ಇದೆ, ಜೂನಲ್ಲಿ ಅವರು ನಾಮಧಾರಿ ಮ್ಯಾಚಿನ ಪಾಯಿಂಟು ಕಾಶಿಗೇ ಅಂದ್ರು. ಮುಗೀತಾ? ಎಲ್ಲಿ ಮುಗಿಯುತ್ತೆ, ಕಾಶಿಯವರು ಒಬ್ಬ ಸ್ಪೇನಿನ ಪ್ಲೇಯರ್‌ನ ಮಧ್ಯದಲ್ಲಿ ಕೈಬಿಟ್ಟು ಮತ್ತೆ ರಿಜಿಸ್ಟರ್ ಮಾಡ್ಸಿದ್ದು ಸರಿನಾ ತಪ್ಪಾ ಅಂತ ಇನ್ನೊಂದು ಕೇಸ್ ಪಕ್ಕದಲ್ಲೇ ನಡೀತಿತ್ತು. ಅದೂ ಇತ್ಯರ್ಥ ಆಗಿ ಜುಲೈ 18ಕ್ಕೆ ತೀರ್ಪು ಬಂತು, ಇಂಟರ್ ಕಾಶಿನೇ ಚಾಂಪಿಯನ್, 42 ಪಾಯಿಂಟು.

ಏಪ್ರಿಲ್ 6ರಿಂದ ಜುಲೈ 18. ಕೂಡಿ ನೋಡಿದ್ರೆ 103 ದಿನ. ಇಂಜುರಿ ಟೈಮ್ ಆರು ನಿಮಿಷ ಅಂತ ಬೋರ್ಡ್ ಎತ್ತಿದ್ರೆ ಸ್ಟ್ಯಾಂಡಿಂದ ಬೈಯ್ಯೋ ಜನ ನಾವು, ಇಲ್ಲಿ ಇಂಜುರಿ ಟೈಮೇ ಮೂರು ತಿಂಗಳು ಹನ್ನೆರಡು ದಿನ.

ದಯವಿಟ್ಟು ಇದನ್ನ ಟೀಕೆ ಅಂತ ತಿಳ್ಕೋಬೇಡಿ, ನಂಗೆ ಹೆಮ್ಮೆ. ಯುರೋಪಲ್ಲಿ ಅಷ್ಟು ದುಡ್ಡು ಕೊಟ್ಟು ಟಿಕೆಟ್ ತಗೊಂಡ್ರೂ ಟೆನ್ಷನ್ ತೊಂಬತ್ತು ನಿಮಿಷಕ್ಕೆ ಖಾಲಿ. ನಮ್ಮಲ್ಲಿ ಜನವರಿಯಲ್ಲಿ ಹೊಡೆದ ಗೋಲು ಗೋಲೇನಾ ಅಲ್ವಾ ಅಂತ ಜೂನ್ ತನಕ ಸಸ್ಪೆನ್ಸು. ಆ ಎರಡು ಗೋಲು ಹೊಡೆದೋರು ಅವತ್ತು ರಾತ್ರಿ ಮನೆಗೆ ಫೋನ್ ಮಾಡಿ ಹೇಳ್ಕೊಂಡಿರ್ತಾರೆ, ಪಾಪ, ಆಮೇಲೆ ಅವರ ಪಾಯಿಂಟನ್ನ ಇನ್ಯಾರೋ ಕೋಟು ಹಾಕ್ಕೊಂಡೋರು ಕಿತ್ಕೊಂಡು, ಮತ್ತೆ ಕೊಟ್ಟು, ಮತ್ತೆ ಕಿತ್ಕೊಂಡ್ರು, ಇಷ್ಟರ ಮಧ್ಯೆ ಅವರ ಬೂಟು ಮಾತ್ರ ಒಂದ್ಸಲಾನೂ ಕೆಲಸಕ್ಕೆ ಬರಲಿಲ್ಲ.

ಇನ್ನು ಹೋಮ್ ಗ್ರೌಂಡ್ ಅನ್ನೋ ವಿಷಯಕ್ಕೆ ಬನ್ನಿ. ಇಂಟರ್ ಕಾಶಿ ಹೋಮ್ ಮ್ಯಾಚ್ ಆಡಿದ್ದು ಕಾಶಿಯಲ್ಲಲ್ಲ, ಬಂಗಾಳದ ಕಲ್ಯಾಣಿಯಲ್ಲಿ. ಹೋಮ್ ಮ್ಯಾಚ್ ನೋಡ್ತೀನಿ ಅಂತ ವಾರಣಾಸಿ ರೈಲು ಹತ್ತಿದ್ರೆ ಗಂಗಾಸ್ನಾನದ ಪುಣ್ಯ ಗ್ಯಾರಂಟಿ, ಫುಟ್ಬಾಲ್ ಸಿಗಲ್ಲ. ಡೆಲ್ಲಿ ಎಫ್‌ಸಿ ಆಡಿದ್ದು ಪಂಜಾಬಿನ ಮಾಹಿಲ್‌ಪುರದಲ್ಲಿ. ಹಾಗಾದ್ರೆ ಡೆಲ್ಲಿಯೋರಿಗೆ ಟೀಮ್ ಬೇಡ್ವಾ ಅಂತ ಕೇಳಿದ್ರೆ, ಅದಕ್ಕೂ ವ್ಯವಸ್ಥೆ ಆಗಿದೆ, ಐಎಸ್‌ಎಲ್‌ನ ಹೈದರಾಬಾದ್ ಟೀಮನ್ನೇ 2025ರಲ್ಲಿ ಎತ್ಕೊಂಡು ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಅಂತ ಬೋರ್ಡ್ ಹಾಕಿದ್ರು. ಕಾಶಿ ಟೀಮ್ ಬಂಗಾಳದಲ್ಲಿ, ಡೆಲ್ಲಿ ಟೀಮ್ ಪಂಜಾಬಲ್ಲಿ, ಹೈದರಾಬಾದ್ ಟೀಮ್ ಡೆಲ್ಲಿಯಲ್ಲಿ, ಹೈದರಾಬಾದಿನೋರು ಬಿರಿಯಾನಿ ತಿನ್ಕೊಂಡು ಆರಾಮಾಗಿದ್ದಾರೆ.

ನಮ್ಮ ಕರ್ನಾಟಕದ್ದು ಇನ್ನೂ ಒಂದು ಕೈ ಮೇಲೆ. ಸಂತೋಷ್ ಟ್ರೋಫಿನ ನಾವು ಹಿಂದೆ ಗೆದ್ದಿದ್ದು 1968-69ರಲ್ಲಿ, ರಾಜ್ಯದ ಹೆಸರು ಆಗ ಇನ್ನೂ ಮೈಸೂರು. ಆಮೇಲೆ 54 ವರ್ಷ ಕಾಯ್ದು, ಆಸ್ಟಿನ್ ಟೌನ್, ಪೆಲೆ ಪ್ರತಿಮೆ ನಿಲ್ಸಿರೋ ಗೌತಮಪುರ, ಐಟಿಐ ಎಚ್‌ಎಎಲ್‌ನಿಂದ ರಿಟೈರ್ ಆದೋರು, ಎಷ್ಟೋ ಜನ ಕಾಯ್ತಾ ಕಾಯ್ತಾ ಹೋಗೇಬಿಟ್ರು, ಕೊನೆಗೂ 2023ರ ಮಾರ್ಚ್ 4ಕ್ಕೆ ಮೇಘಾಲಯನ 3-2 ಸೋಲಿಸಿ ಗೆದ್ವಿ. ಎಲ್ಲಿ? ರಿಯಾದಲ್ಲಿ. ಹೌದು ಸೌದಿ ಅರೇಬಿಯಾದ ರಿಯಾದ್. ರಾಜ್ಯ ರಾಜ್ಯಗಳ ಮಧ್ಯೆ ನಡೆಯೋ ಟೂರ್ನಮೆಂಟು, ಅದರ ಫೈನಲ್ಲು ಐವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯೋ ಕಿಂಗ್ ಫಹದ್ ಸ್ಟೇಡಿಯಮಲ್ಲಿ. ಅರ್ಧ ಶತಮಾನದ ಮೇಲೆ ನಮ್ ಹುಡುಗ್ರು ಕಪ್ ಎತ್ತಿದ್ದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ವೀಸಾ ಬೇಕಿತ್ತು. ನಮ್ಮೋರು ಫೋನಲ್ಲಿ ನೋಡಿದ್ರು, ಬಫರ್ ಆಗೋ ಚಕ್ರಕ್ಕೆ ಕೈ ಮುಗೀತಾ.

ಈಗ ನನ್ನ ಹೊಟ್ಟೆಕಿಚ್ಚಿನ ಭಾಗ. ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಬಂತು. ಅಶೋಕನಗರದ ಫುಟ್ಬಾಲ್ ಸ್ಟೇಡಿಯಮಿಗೆ ಮತ್ತೆ ಐ-ಲೀಗ್ ಮ್ಯಾಚುಗಳು ಬಂದ್ವು. ಗರುಡಾ ಮಾಲಲ್ಲಿ ವರ್ಷಾನುಗಟ್ಟಲೆ ಕಾರ್ ಪಾರ್ಕ್ ಮಾಡಿದೋರಿಗೆ ಪಕ್ಕದಲ್ಲಿ ಸ್ಟೇಡಿಯಂ ಇದೆ ಅಂತ ಗೊತ್ತಿರಲ್ಲ, ಅದೇ. 2013-14ರಲ್ಲಿ ಬಿಎಫ್‌ಸಿ, ಅಂದ್ರೆ ಬೆಂಗಳೂರು ಎಫ್‌ಸಿ, ಹೋಮ್ ಮ್ಯಾಚುಗಳನ್ನ ಇಲ್ಲೇ ಆಡಿ ಮೊದಲನೇ ಸೀಸನ್ನಲ್ಲೇ ಐ-ಲೀಗ್ ಗೆದ್ದಿತ್ತು, ಆಗ ಹಿಂದುಳಿದ ಕಾಲ, ಚಾಂಪಿಯನ್ ಯಾರು ಅಂತ ಮ್ಯಾಚ್ ಮುಗಿದ ದಿನವೇ ಗೊತ್ತಾಗ್ತಿತ್ತು. ಇರಲಿ. ಎಸ್‌ಸಿ ಬೆಂಗಳೂರು ಒಂದೇ ವರ್ಷ ಮೇಲಿದ್ದು ಡೆಲ್ಲಿ ಎಫ್‌ಸಿ ಜೊತೆ ಕೆಳಗೆ ಬಿತ್ತು. ಆಡಿದ ಆಟಕ್ಕೆ ಬೀಳ್ಬೇಕಿತ್ತು ಬಿಡಿ, ಅದಕ್ಕೆ ಬೇಜಾರಿಲ್ಲ. ಆದ್ರೆ ಗಮನಿಸಿ, ಚಾಂಪಿಯನ್ ಯಾರು ಅಂತ ಹೇಳೋಕೆ ಮೂರು ತಿಂಗಳು ಆಗದೇ ಇದ್ದ ಅದೇ ವ್ಯವಸ್ಥೆ, ಕೆಳಗೆ ಬೀಳೋರು ಯಾರು ಅನ್ನೋದನ್ನ ಮಾತ್ರ ಕರೆಕ್ಟಾಗಿ, ಒಂದು ದಿನಾನೂ ತಡ ಮಾಡದೆ, ಯಾವ ಲೊಸಾನ್ ಸಹಾಯಾನೂ ಇಲ್ಲದೆ ಹೇಳ್ಬಿಡ್ತು. ಇಡೀ ದೇಶದ ಫುಟ್ಬಾಲಲ್ಲಿ ಗಡಿಯಾರದ ಥರ ಕೆಲಸ ಮಾಡೋದು ನಮ್ಮನ್ನ ಕೆಳಗೆ ತಳ್ಳೋ ನಿಯಮ ಒಂದೇ.

ಮೇಲಿನೋರಿಗೆ ಆ ವರ್ಷ ಈ ನಿಯಮ ಇರಲಿಲ್ಲ. 2019ರಲ್ಲಿ ಒಂದು ರೋಡ್‌ಮ್ಯಾಪ್ ಮಾಡಿದ್ರು, 2024-25ರ ಹೊತ್ತಿಗೆ ಐಎಸ್‌ಎಲ್‌ಗೆ ಹತ್ತೋದು ಇಳಿಯೋದು ಎರಡೂ ಪೂರ್ತಿ ಜಾರಿ ಅಂತ. ಹತ್ತೋದು ಶುರುವಾಯ್ತು, ಪಂಜಾಬ್ ಹತ್ತಿತು, ಮೊಹಮ್ಮಡನ್ ಹತ್ತಿತು, ಆಮೇಲೆ ಕಾಶಿನೂ ಹತ್ತಿತು. ಇಳಿಯೋದು? 2024-25ರಲ್ಲಿ ಮೊಹಮ್ಮಡನ್ ಐಎಸ್‌ಎಲ್ ಟೇಬಲ್ಲಿನ ತಳದಲ್ಲಿ ಮುಗಿಸ್ತು, ಯಾರೂ ಕೆಳಗೆ ಇಳಿ ಅನ್ಲಿಲ್ಲ. ಬಸ್ಸು ತುಂಬಿತ್ತು, ಹತ್ತೋರು ಹತ್ತಾ ಇದ್ರು, ಇಳಿಯೋ ಬಾಗಿಲಿಗೆ ವೆಲ್ಡಿಂಗ್ ಮಾಡಿದ್ರು, ಕಂಡಕ್ಟರ್ ಮಾತ್ರ ನಮ್ಮ ಕಡೆ ನೋಡಿ ರೈಟ್ ರೈಟ್ ಅಂತಿದ್ದ.

ಇಷ್ಟೆಲ್ಲಾ ಸುಖ ಇದ್ದೂ ಮೇಲಿನೋರ ಸೀಸನ್ನೇ ನಿಂತು ಹೋಗಿದ್ದು ಇನ್ನೊಂದು ಮಜಾ. 2010ರಲ್ಲಿ ಫೆಡರೇಶನ್ನು ಐಎಸ್‌ಎಲ್ ನಡೆಸೋ ಕಡೆಯೋರಿಗೆ 15 ವರ್ಷಕ್ಕೆ 700 ಕೋಟಿ ಅಂತ ವಾಣಿಜ್ಯ ಹಕ್ಕು ಬರ್ಕೊಟ್ಟಿತ್ತು, 2025ರ ಡಿಸೆಂಬರ್ 8ಕ್ಕೆ ಅದರ ಅವಧಿ ಮುಗಿಯೋದು ಅಂತ ಸಹಿ ಹಾಕಿದ ದಿನದಿಂದಲೇ ಎಲ್ಲರಿಗೂ ಗೊತ್ತು. ಹದಿನೈದು ವರ್ಷ ಟೈಮಿತ್ತು. ಜುಲೈಯಲ್ಲಿ, ಅಂದ್ರೆ ಐದು ತಿಂಗಳು ಬಾಕಿ ಇರೋವಾಗ, ಐಎಸ್‌ಎಲ್ ನಡೆಸೋರು ಲೀಗ್ ಸದ್ಯ ಬೇಡ ಅಂತ ಪಕ್ಕಕ್ಕಿಟ್ರು. ಆಮೇಲೆ ಟೆಂಡರ್ ಕರೆದ್ರು, ನವೆಂಬರ್ 7 ಕೊನೇ ದಿನ. ಬಂದ ಬಿಡ್ ಎಷ್ಟು ಅಂದ್ರೆ ಸೊನ್ನೆ. ಒಂದೂ ಇಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರೇ ಬಂದು ಫೆಬ್ರವರಿ 14ಕ್ಕೆ ಲೀಗ್ ಶುರು, 14 ಟೀಮು ಅಂತ ಹೇಳ್ಬೇಕಾಯ್ತು. ಪ್ರೇಮಿಗಳ ದಿನಾನೇ ಯಾಕೆ ಅಂದ್ರೆ, ಇಷ್ಟಾದ್ಮೇಲೂ ನೋಡೋನಿಗೆ ಪ್ರೀತಿ ಬಿಟ್ರೆ ಬೇರೆ ಕಾರಣ ಏನಿರುತ್ತೆ ಹೇಳಿ.

ಮಧ್ಯದಲ್ಲಿ ರಾಷ್ಟ್ರೀಯ ತಂಡಕ್ಕೆ ಕೋಚ್ ಬೇಕು ಅಂತ ಅರ್ಜಿ ಕರೆದಾಗ ಬಾರ್ಸಿಲೋನಾದ ಷಾವಿ ಅರ್ಜಿ ಹಾಕಿದ್ದಾರೆ, ದುಡ್ಡು ಜಾಸ್ತಿ ಆಗುತ್ತೆ ಅಂತ ಕೈಬಿಟ್ರು ಅಂತ ಪೇಪರಲ್ಲಿ ಬಂತು. ಆಮೇಲೆ ಫೆಡರೇಶನ್ನು, ಇಲ್ಲ ಸಾರ್, ಷಾವಿ ಹೆಸರಲ್ಲೂ ಇನ್ನೊಬ್ಬ ದೊಡ್ಡ ಕೋಚ್ ಗಾರ್ಡಿಯೋಲಾ ಹೆಸರಲ್ಲೂ ಬಂದ ಮೇಲ್ ಎರಡೂ ನಕಲಿ ಅಂತು. ನಕಲಿ ಗಾರ್ಡಿಯೋಲಾನ ಪತ್ತೆ ಹಚ್ಚಿದ್ದಕ್ಕೆ ಅಭಿನಂದನೆ. ಬಂದಿದ್ರೆ ಏನ್ ಮಾಡ್ತಿದ್ರೋ, ಬಹುಶಃ ನೋಟರಿ ಮಾಡ್ಸಿ ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ತಗೊಂಡು ಬನ್ನಿ ಅಂತಿದ್ರು.

ಮತ್ತೆ ನಮ್ಮ ಕೆಳಗಿನ ಲೀಗಿಗೆ ಏನ್ ಮಾಡಿದ್ರು? ಹೆಸರು ಬದಲಾಯಿಸಿದ್ರು. 1996ರಲ್ಲಿ ನ್ಯಾಷನಲ್ ಫುಟ್ಬಾಲ್ ಲೀಗ್ ಅಂತ ಇತ್ತು, 2007ಕ್ಕೆ ಐ-ಲೀಗ್ ಆಯ್ತು, ಈಗ ಇಂಡಿಯನ್ ಫುಟ್ಬಾಲ್ ಲೀಗ್. ಬಿಬಿಎಂಪಿ ಹೋಗಿ ಜಿಬಿಎ ಬಂದಾಗ ರಸ್ತೆ ಗುಂಡಿಗಳೆಲ್ಲಾ ನಾಚ್ಕೊಂಡು ತಾವೇ ಮುಚ್ಕೊಂಡಿದ್ದನ್ನ ಬೆಂಗಳೂರಿನೋರು ಕಣ್ಣಾರೆ ನೋಡಿದ್ದೀವಿ, ಹಾಗಾಗಿ ಈ ವಿಧಾನದ ಮೇಲೆ ನಂಗೆ ಪೂರ್ತಿ ನಂಬಿಕೆ.

ಸರಿ, ನಮ್ಮ ಟೀಮುಗಳ ಭವಿಷ್ಯ ಏನು ಅಂತ ಕೇಳಿದ್ರೆ ನನ್ನ ಲೆಕ್ಕ ಇಷ್ಟು. ಟ್ರಾನ್ಸ್‌ಫರ್ ವಿಂಡೋದಲ್ಲಿ ಲೆಫ್ಟ್ ಬ್ಯಾಕ್ ಹುಡುಕೋದು ದುಡ್ಡು ದಂಡ. ಗೋಲ್‌ಕೀಪರ್ ಜಾಗದಲ್ಲಿ ಗೋಲ್‌ಕೀಪರೇ ಇರಲಿ, ಸಂಪ್ರದಾಯ. ಡಿಫೆನ್ಸಿಗೆ ಅರ್ಜಿ ತಿರಸ್ಕಾರ ಆಗದ ಹಾಗೆ ಡ್ರಾಫ್ಟ್ ಮಾಡೋ ನಾಲ್ಕು ಜೂನಿಯರ್‌ಗಳು, ಮಿಡ್‌ಫೀಲ್ಡಲ್ಲಿ ತಾರೀಕ್ ಮೇಲೆ ತಾರೀಕ್ ತಗೊಂಡು ಎದುರಾಳಿನ ಸುಸ್ತು ಮಾಡೋ ಇಬ್ಬರು ಸೀನಿಯರ್ ಕೌನ್ಸೆಲ್, ಮುಂದೆ ಫ್ರೆಂಚ್ ಬರೋ ಒಬ್ಬ ಸ್ಟ್ರೈಕರ್, ಲೊಸಾನಲ್ಲಿ ಟ್ಯಾಕ್ಸಿಯವರ ಜೊತೆ ಮಾತಾಡೋಕೆ ಬೇಕಾಗುತ್ತೆ. ಹಳದಿ ಕಾರ್ಡ್ ಲೆಕ್ಕ ಇಡೋಕೆ ಒಬ್ಬ ಒಳ್ಳೇ ಚಾರ್ಟರ್ಡ್ ಅಕೌಂಟೆಂಟ್, ಇದು ಮಾತ್ರ ತಮಾಷೆ ಅಲ್ಲ, ನಮ್ಮದಲ್ಲ, ಎದುರು ಟೀಮಿಂದು ಇಡೋಕೆ. ಮೈದಾನದಲ್ಲಿ ಸೋತ ಮ್ಯಾಚನ್ನ ಎಕ್ಸೆಲ್ ಶೀಟಲ್ಲಿ ಗೆಲ್ಲಬಹುದು ಅಂತ ಮೇಲೆ ನೋಡಿದ್ವಲ್ಲ.

ಸ್ಟ್ಯಾಂಡಲ್ಲಿ ಕೂರೋರು ಇದಕ್ಕೆಲ್ಲಾ ಆಗಲೇ ಹೊಂದ್ಕೊಂಡಿದ್ದಾರೆ. ಇತ್ತೀಚೆಗೆ ಒಂದು ವಾರದ ದಿನ ಮಧ್ಯಾಹ್ನ ಸೂಪರ್ ಡಿವಿಷನ್ ಮ್ಯಾಚು, ಕೆಲಸ ಇರೋ ಯಾವನೂ ಬರಬಾರದು ಅಂತಾನೇ ಇಟ್ಟಿರೋ ಟೈಮು. ಕಾಂಕ್ರೀಟ್ ಮೆಟ್ಟಿಲು ಕಾಯ್ದ ಹಂಚು, ಎಲ್ಲರೂ ಪೇಪರ್ ಹಾಸ್ಕೊಂಡು ಅದರ ಮೇಲೆ ಕೂತಿದ್ವಿ. ಟರ್ಫಿಂದ ಬಿಸಿ ಏಳ್ತಿತ್ತು, ಸ್ಲೈಡ್ ಮಾಡಿ ಎದ್ದ ವಿಂಗರ್ ಸಾಕ್ಸ್ ಒಳಗಿಂದ ಕರೀ ರಬ್ಬರ್ ಕಾಳು ಕೊಡವ್ಕೊಂತಿದ್ದ, ಅಷ್ಟರಲ್ಲಿ ಥ್ರೋ-ಇನ್ ತಪ್ಪಾಯ್ತು ಅಂತ ಲೈನ್‌ಮನ್ ಬಾವುಟ ಎತ್ತಿದ. ನನ್ನ ಮುಂದಿನ ಸಾಲಲ್ಲಿ ಕರವಸ್ತ್ರ ತಲೆಗೆ ಕಟ್ಕೊಂಡ ಹಿರಿಯರು ಒಬ್ರು, ಯಾವುದೋ ಕಾಲದಲ್ಲಿ ಫ್ಯಾಕ್ಟರಿ ಟೀಮಿಗೆ ಆಡಿದೋರಂತೆ, ಲೈನ್‌ಮನ್ನಿಗೆ ಕನ್ನಡದಲ್ಲಿ ಶುರು ಮಾಡಿ ತಮಿಳಲ್ಲಿ ಮುಗಿಸಿ ಬೈದ್ರು. ಕೊನೇ ಹತ್ತು ನಿಮಿಷದಲ್ಲಿ ಕಾರ್ನರಿಂದ ಒಂದು ಗೋಲು ಬಿತ್ತು, ಇದ್ದಷ್ಟು ಜನ ಎದ್ದು ಕೂಗಿದ್ವಿ, ವಿಷಲ್ ಆಯ್ತು. ಪಕ್ಕದಲ್ಲಿದ್ದ ಕಾಲೇಜ್ ಹುಡುಗ, ಹೊಸಬ ಇರ್ಬೇಕು, ಬಗ್ಗಿ ಅವರನ್ನ ಕೇಳಿದ, "ಅಂಕಲ್, ಇದಕ್ಕೆ ಪಾಯಿಂಟ್ ಎಷ್ಟು?"

ಅವರು ಕೂತಿದ್ದ ಪೇಪರ್ ಮಡಚ್ತಾ ಅಂದ್ರು, "ಸದ್ಯಕ್ಕೆ ಮೂರು ಕಣಪ್ಪಾ."