ಡಿಸ್ಕ್ ಕೊಳ್ಳುವ ಮುನ್ನ ಸೋಫಾ ಎಷ್ಟು ದೂರವಿದೆ ನೋಡಿ

ಸ್ಟ್ರೀಮಿಂಗ್ ಇರುವಾಗ ಮನೆಯಲ್ಲಿ ಸಿನಿಮಾ ನೋಡಲು ಬ್ಲೂ-ರೇ ಡಿಸ್ಕ್ ಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಬೇಕೆನ್ನುವವರೂ ಬೇಡವೆನ್ನುವವರೂ ಪಿಕ್ಸೆಲ್ ಲೆಕ್ಕ ಹಿಡಿದು ಕೂರುತ್ತಾರೆ. ಬ್ಲೂ-ರೇಯಲ್ಲಿ 1920x1080, ಅಲ್ಟ್ರಾ ಎಚ್‌ಡಿ, ಅಂದರೆ 4ಕೆ ಡಿಸ್ಕ್‌ನಲ್ಲಿ 3840x2160. ಅಂಕಿಯೇನೋ ಸರಿ. ಆದರೆ 50 ಇಂಚಿನ ಟಿವಿಯಿಂದ ಸುಮಾರು ಆರೂವರೆ ಅಡಿಗಿಂತ ಹಿಂದೆ ಸರಿದರೆ ಸಾಮಾನ್ಯ ದೃಷ್ಟಿಗೆ 1080ರ ಪಿಕ್ಸೆಲ್‌ಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. ಹತ್ತು ಅಡಿ ದೂರದ ಸೋಫಾದಲ್ಲಿ ಒರಗಿದವರಿಗೆ ಡಿವಿಡಿಗೂ ಬ್ಲೂ-ರೇಗೂ ಇರುವ ಅಂತರ ತಿಳಿಯುತ್ತದೆ, ಅದರಾಚೆಯ ಪಿಕ್ಸೆಲ್‌ಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. 4ಕೆ ಡಿಸ್ಕ್‌ನ ನಿಜವಾದ ಲಾಭ ಎಚ್‌ಡಿಆರ್ ಕೊಡುವ ಬಣ್ಣ ಮತ್ತು ಬೆಳಕಿನ ಹರವಿನಲ್ಲಿದೆ. ಅದೂ ಟಿವಿಗೆ ಆ ಯೋಗ್ಯತೆ ಇದ್ದರೆ.

ಹಾಗಾದರೆ ನಾನೇಕೆ ಇನ್ನೂ ಡಿಸ್ಕ್ ಕೊಳ್ಳುತ್ತೇನೆ? ಕತ್ತಲೆಗಾಗಿ. ಕತ್ತಲ ಕೋಣೆ, ಮೂಲೆಯಲ್ಲೊಂದು ದೀಪ, ಗೋಡೆಯುದ್ದಕ್ಕೂ ಮೆಲ್ಲಗೆ ಕರಗುವ ಬೆಳಕು: ಇಂಥ ದೃಶ್ಯವನ್ನು ಸ್ಟ್ರೀಮಿಂಗ್‌ನಲ್ಲಿ ನೋಡಿ. ದೀಪದ ಸುತ್ತ ಬಳೆ ಬಳೆಯಾಗಿ ಪಟ್ಟೆಗಳು ಮೂಡುತ್ತವೆ, ನೆರಳಿನಲ್ಲಿ ಚೌಕಗಳು ಹರಿದಾಡುತ್ತವೆ, ಹಿನ್ನೆಲೆಯಲ್ಲಿ ನಿಂತವನ ಕಪ್ಪು ಕೋಟು ಗೋಡೆಯೊಳಗೆ ಸೇರಿಹೋಗುತ್ತದೆ. ಇದು ಪಿಕ್ಸೆಲ್ ಕಡಿಮೆಯಾದ ದೋಷವಲ್ಲ, ಮಾಹಿತಿಯನ್ನು ಹಿಂಡಿದ್ದರ ಫಲ. ಬ್ಲೂ-ರೇಯಲ್ಲಿ ಚಿತ್ರವೊಂದಕ್ಕೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಅವಕಾಶವಿದೆ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಗಳಿಗೆ ಸಾಕೆನ್ನುವ ಇಂಟರ್ನೆಟ್ ವೇಗವೇ 15 ಮೆಗಾಬಿಟ್. ಚಿತ್ರವನ್ನು ಹಿಂಡಿ ಕಳಿಸುವ ಹೊಸ ಕೋಡೆಕ್‌ಗಳು ಅಷ್ಟರಲ್ಲೇ ಬಹಳಷ್ಟನ್ನು ಸಾಧಿಸುತ್ತವೆ, ಒಪ್ಪುತ್ತೇನೆ. ಆದರೂ ಮಂಜು, ಮಳೆ, ಹೊಗೆ ಬಂದಾಗ ಅವುಗಳ ಜಾಣತನ ಸೋಲುತ್ತದೆ.

ಶಬ್ದದ್ದು ಇನ್ನೂ ದೊಡ್ಡ ಅಂತರ, ಅದರ ಬಗ್ಗೆಯೇ ಜನ ಕಡಿಮೆ ಮಾತನಾಡುತ್ತಾರೆ. ಡಿಸ್ಕ್‌ನಲ್ಲಿ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಇದ್ದರೆ ಸ್ಟುಡಿಯೊದ ಧ್ವನಿ ಏನೂ ಕಳೆಯದೆ ಬರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಕುಗ್ಗಿಸಿದ ಡಾಲ್ಬಿ ಡಿಜಿಟಲ್ ಪ್ಲಸ್. ಆದರೆ ಟಿವಿಯ ಬೆನ್ನಿಗೆ ಅಂಟಿಕೊಂಡ ಪುಟ್ಟ ಸ್ಪೀಕರ್‌ಗಳಲ್ಲೇ ಕೇಳುವವರಿಗೆ ಈ ಮಾತೆಲ್ಲ ವ್ಯರ್ಥ. ಅಂಥವರು ಡಿಸ್ಕ್‌ನ ಹಣವನ್ನು ಮೊದಲು ಸ್ಪೀಕರ್‌ಗೆ ಹಾಕಲಿ.

ಒಮ್ಮೆ ನೋಡಿ ಮರೆಯುವ ಚಿತ್ರಕ್ಕೆ ಡಿಸ್ಕ್ ಬೇಡವೇ ಬೇಡ. ಡಬ್ಬಿಯ ಮೇಲೆ ಬ್ಲೂ-ರೇ ಎಂದಿದ್ದ ಮಾತ್ರಕ್ಕೆ ಒಳಗಿರುವುದು ಚೆನ್ನಾಗಿರಬೇಕೆಂದೂ ಇಲ್ಲ. ಹಳೆಯ ಮಾಸ್ಟರ್ (ಡಿಸ್ಕ್‌ಗೆ ಆಧಾರವಾಗುವ ಮೂಲ ಪ್ರತಿ) ತೆಗೆದುಕೊಂಡು, ಫಿಲ್ಮಿನ ಸಹಜ ಕಣಗಳನ್ನು ಕೊಳೆಯೆಂದು ಭಾವಿಸಿ ಒರೆಸಿಹಾಕಿ, ನಟರ ಮುಖವನ್ನು ಮೇಣದ ಗೊಂಬೆಯಂತೆ ಮಾಡಿ ಮಾರುವವರಿದ್ದಾರೆ.

ನನ್ನಂಥ ಹೊರನಾಡಿನವರಿಗೆ ಇನ್ನೊಂದು ತಲೆನೋವಿದೆ. ಬ್ಲೂ-ರೇ ಜಗತ್ತನ್ನು ಮೂರು ವಲಯಗಳಾಗಿ ಹಂಚಿಕೊಂಡಿದೆ: ನಾನಿರುವ ಅಮೆರಿಕ ಎ, ಯುರೋಪು ಬಿ, ಭಾರತ ಸಿ. ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಭಾರತದಿಂದ ಬಂದರೆ ಇಲ್ಲಿನ ಪ್ಲೇಯರ್ ಅದನ್ನು ನುಂಗಿ, ಸುಮ್ಮನೆ ಉಗುಳುತ್ತದೆ. ಬೀಗವಿಲ್ಲದವೂ ಇವೆ, ಡಬ್ಬಿಯ ಹಿಂಬದಿ ನೋಡಿಕೊಳ್ಳಬೇಕು. 4ಕೆ ಡಿಸ್ಕ್‌ಗಳಲ್ಲಿ ಈ ವಲಯದ ಕಾಟ ಇಲ್ಲ. ಹಾಗೆಂದು ಸ್ಟ್ರೀಮಿಂಗ್ ಗಡಿಯಿಲ್ಲದ ಲೋಕವೇನಲ್ಲ: ಅಲ್ಲಿ ಕಾಣುವ ಚಿತ್ರ ಇಲ್ಲಿ ಕಾಣುವುದಿಲ್ಲ, ಹಕ್ಕಿನ ಒಪ್ಪಂದ ಮುಗಿದರೆ ಎರಡೂ ಕಡೆ ಮಾಯವಾಗುತ್ತದೆ. ಚಂದಾ ಕಟ್ಟಿದ್ದು ನೋಡುವ ಹಕ್ಕಿಗೇ ಹೊರತು ಚಿತ್ರಕ್ಕಲ್ಲ. ಕಪಾಟಿನ ಡಿಸ್ಕ್‌ಗೆ ಆ ಭಯವಿಲ್ಲ, ಪ್ಲೇಯರ್ ಒಂದು ಉಳಿದಿದ್ದರೆ ಸಾಕು. ಆ ಉಳಿಯುವಿಕೆಯೇ ಈಗ ಸಂದೇಹ. ಸ್ಯಾಮ್‌ಸಂಗ್ ಅಮೆರಿಕದಲ್ಲಿ 2019ರಲ್ಲೇ ಹೊಸ ಪ್ಲೇಯರ್ ತರುವುದನ್ನು ನಿಲ್ಲಿಸಿತು.

ಕನ್ನಡದ ಹಳೆಯ ಚಿತ್ರಗಳ ಮಟ್ಟಿಗೆ ಡಿಸ್ಕೋ ಸ್ಟ್ರೀಮಿಂಗೋ ಎಂಬ ಪ್ರಶ್ನೆಯೇ ಬೇಗ ಬಂದಂತಾಯಿತು. 35 ಎಂಎಂ ನೆಗೆಟಿವ್‌ನಲ್ಲಿ ಎಚ್‌ಡಿಗೆ ಸಾಲುವುದಕ್ಕಿಂತ ಹೆಚ್ಚೇ ವಿವರ ಅಡಗಿರುತ್ತದೆ. ಆದರೆ ಅಂತರ್ಜಾಲದಲ್ಲಿ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದು ಟಿವಿ ಕಾಲದ ವಿಡಿಯೊ ಪ್ರತಿ, ಅದನ್ನೇ ಹಿಗ್ಗಿಸಿ ಎಚ್‌ಡಿ ಎಂದು ಹೆಸರಿಟ್ಟದ್ದು. ಯಾರಾದರೂ ಒಳ್ಳೆಯ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿಸಿ, ಡಿಸ್ಕ್ ಹೊರತಂದರೆ ಬೆಲೆ ಕೇಳದೆ ಎರಡು ಪ್ರತಿ ತರಿಸಿಕೊಳ್ಳುತ್ತೇನೆ. ವಲಯದ ಬೀಗ ಮಾತ್ರ ಹಾಕದಿರಲಿ.