ಒಂದು ಡರ್ಟಿ, ಆರು ಗಂಟೆ

ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನಲ್ಲಿ ಡರ್ಟಿ ಅಂತ ಒಂದು ಕಾಫಿ ಸಿಗುತ್ತದೆ. ಹೆಸರು ಕೇಳಿ ಮುಖ ಸಿಂಡರಿಸಬೇಡಿ. ಫ್ರಿಜ್‌ನಲ್ಲಿಟ್ಟು ಕೊರೆಯುವ ಹಾಗೆ ಮಾಡಿದ ಪುಟ್ಟ ಗಾಜಿನ ಲೋಟ. ಅದರೊಳಗೆ ತಣ್ಣನೆ ಹಾಲು. ಮೇಲಿಂದ ಬಿಸಿಬಿಸಿ ಎಸ್ಪ್ರೆಸೋ. ಕಂದು ಬಣ್ಣ ಹಾಲಿನೊಳಗೆ ಹೊಗೆಯ ಹಾಗೆ ನಿಧಾನ ಇಳಿಯುತ್ತದೆ. ಕಲಕಬಾರದು, ಕಾಯಬಾರದು. "ಎರಡೇ ನಿಮಿಷದಲ್ಲಿ ಕುಡಿದುಬಿಡಿ, ಆಮೇಲೆ ರುಚಿ ಹೋಗುತ್ತದೆ" ಎಂದು ಕೌಂಟರಿನ ಹುಡುಗಿ ಕೈಮುಗಿದು ಹೇಳುತ್ತಾಳೆ.

ಗಿರಾಕಿ ಎರಡೇ ನಿಮಿಷದಲ್ಲಿ ಕುಡಿಯುತ್ತಾನೆ. ಆಮೇಲೆ ಆರು ಗಂಟೆ ಅಲ್ಲೇ ಕೂರುತ್ತಾನೆ.

ದೂರಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಆರು ಗಂಟೆ ಕೂತವರಲ್ಲಿ ನಾನೂ ಒಬ್ಬ. ನನ್ನ ದಾಖಲೆ ಆರೂಮುಕ್ಕಾಲು.

ಈ ಕೆಫೆಗಳೆಲ್ಲ ಜಾಸ್ತಿ ಇರುವುದು ನಿಮ್ಮಾನ್‌ಹೇಮಿನ್ ರಸ್ತೆ ಮತ್ತು ಅದರ ಗಲ್ಲಿಗಳಲ್ಲಿ. ಪೂರ್ತಿ ಹೆಸರಿಗೆ ನಾಲಿಗೆ ಹೊರಳದವರು ಬರೀ ನಿಮ್ಮಾನ್ ಅನ್ನುತ್ತಾರೆ. ಕನ್ನಡದ ಕಿವಿಗೆ ಅದು 'ನಿಮ್ಮನೆ' ಅಂತಲೇ ಕೇಳಿಸುತ್ತದೆ. ಇಲ್ಲಿಗೆ ಬಂದು ಕೂತವರೂ ಹಾಗೇ ಕೇಳಿಸಿಕೊಂಡಿರಬೇಕು. ಚಪ್ಪಲಿ ಬಿಟ್ಟು, ಕುರ್ಚಿ ಮೇಲೆ ಚಕ್ಕಳಮಕ್ಕಳ ಹಾಕಿ, ಮೂರು ವೈರು ಗೋಡೆಗೆ ಚುಚ್ಚಿ, ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿ ಕೂರುತ್ತಾರೆ. ಹಾಸಿಗೆ ಒಂದು ತಂದಿರುವುದಿಲ್ಲ.

ಲ್ಯಾಪ್‌ಟಾಪ್ ಹಿಡಿದು ಊರೂರು ಸುತ್ತುತ್ತಾ ದೂರದ ಕಂಪನಿಯ ಕೆಲಸ ಮಾಡುವ ಇವರ ಜಾತಿಯ ಹೆಸರು ಡಿಜಿಟಲ್ ನೋಮ್ಯಾಡ್. ನಮ್ಮ ಭಾಷೆಯಲ್ಲಿ ಅಲೆಮಾರಿ. ಆದರೆ ನಾನು ಕಂಡ ಅಲೆಮಾರಿಗಳು, ಅಂದರೆ ಕುರಿ ಹಿಂಡು ಹೊಡೆದುಕೊಂಡು ಹೋಗುವವರು, ಮೇವು ಮುಗಿದ ಕೂಡಲೇ ಜಾಗ ಬಿಡುತ್ತಾರೆ. ಈ ಅಲೆಮಾರಿ ಪ್ಲಗ್ ಪಾಯಿಂಟ್ ಪಕ್ಕದ ಕುರ್ಚಿ ಬಿಟ್ಟು ಮೂತ್ರಕ್ಕೆ ಹೋಗಲೂ ಹೆದರುತ್ತಾನೆ. ಹೋಗಲೇಬೇಕಾದರೆ ಮೇಜಿನ ಮೇಲೆ ಚಾರ್ಜರ್ ಇಟ್ಟು ಹೋಗುತ್ತಾನೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಕರ್ಚೀಫಿಗೆ ಹತ್ತು ರೂಪಾಯಿ, ಚಾರ್ಜರಿಗೆ ಐದು ಸಾವಿರ. ವ್ಯತ್ಯಾಸ ಅಷ್ಟೇ.

ಸರ್ಕಾರಕ್ಕೂ ಇವರನ್ನು ಏನಂತ ಕರೆಯಬೇಕೋ ಬಹಳ ಕಾಲ ಗೊತ್ತಾಗಲಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು. ಪ್ರವಾಸಿ ಅಂದರೆ ದೇವಸ್ಥಾನ ನೋಡಬೇಕು, ಆನೆ ನೋಡಬೇಕು. ಇವರು ಎಕ್ಸೆಲ್ ನೋಡುತ್ತಿದ್ದರು. 2014ರ ಅಕ್ಟೋಬರ್‌ನಲ್ಲಿ ಇದೇ ಊರಿನ ಒಂದು ಕೋವರ್ಕಿಂಗ್ ಜಾಗಕ್ಕೆ, ಅಂದರೆ ಮೇಜು-ಕುರ್ಚಿ ಬಾಡಿಗೆಗೆ ಕೊಡುವ ಕಚೇರಿಗೆ, ಇಮಿಗ್ರೇಶನ್ ಅಧಿಕಾರಿಗಳು ನುಗ್ಗಿದರು. ಲ್ಯಾಪ್‌ಟಾಪ್ ಮುಂದೆ ಕೂತಿದ್ದವರನ್ನು ಕರೆದುಕೊಂಡು ಹೋಗಿ, ವಿಚಾರಿಸಿ, ಬಿಟ್ಟು ಕಳಿಸಿದರು. ಮಾಡುತ್ತಿದ್ದದ್ದು ಕೆಲಸವೋ ಅಲ್ಲವೋ ಅನ್ನುವುದೇ ಪ್ರಶ್ನೆ. ನಮ್ಮ ಮ್ಯಾನೇಜರುಗಳೂ ಇದೇ ಪ್ರಶ್ನೆಯನ್ನು ವರ್ಷಗಳಿಂದ ಕೇಳುತ್ತಿದ್ದಾರೆ.

ಹತ್ತು ವರ್ಷ ಯೋಚಿಸಿ, 2024ರ ಜುಲೈನಲ್ಲಿ ಥಾಯ್ ಸರ್ಕಾರ ಇವರಿಗೆಂದೇ ಒಂದು ವೀಸಾ ಮಾಡಿತು. ಹೆಸರು ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ. ಐದು ವರ್ಷದ ಅವಧಿ, ಒಂದು ಸಲ ಬಂದರೆ 180 ದಿನ. ಫೀಸು 10,000 ಬಾತ್. ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು, ಅಂದರೆ ಹನ್ನೆರಡು ಲಕ್ಷ ರೂಪಾಯಿಗೂ ಜಾಸ್ತಿ. ದೂರದಿಂದ ಕೆಲಸ ಮಾಡುವವರು, ಮುಯ್ ಥಾಯ್ ಬಾಕ್ಸಿಂಗ್ ಕಲಿಯಲು ಬಂದವರು, ಥಾಯ್ ಅಡುಗೆ ಕಲಿಯಲು ಬಂದವರು, ಎಲ್ಲರಿಗೂ ಒಂದೇ ವೀಸಾ. ಒದೆಯುವವನು, ಒಗ್ಗರಣೆ ಹಾಕುವವನು, ಒನ್-ಆನ್-ಒನ್ ಮೀಟಿಂಗ್‌ನಲ್ಲಿ ಕೂತವನು ಒಂದೇ ಪಂಕ್ತಿಯಲ್ಲಿ.

ಇನ್ನೊಂದು ಷರತ್ತು. ಕೆಲಸ ಹೊರದೇಶದ್ದಾಗಿರಬೇಕು. ಇಲ್ಲಿನ ಕೆಲಸ ಮಾಡಬೇಕಾದರೆ ಬೇರೆ ವರ್ಕ್ ಪರ್ಮಿಟ್ ಬೇಕು. ಅಂದರೆ ಕೆಫೆಯಲ್ಲಿ ಕೂತು ಅಮೆರಿಕದ ಬ್ಯಾಂಕಿನ ಲೆಕ್ಕ ನೋಡಬಹುದು. ಎದ್ದು ಹೋಗಿ ಪಕ್ಕದ ಮೇಜಿಗೆ ಒಂದು ಕಾಫಿ ಕೊಟ್ಟರೆ ಅಪರಾಧ.

ಹೀಗೆ ಒಂದು ದಿನ ಕೂತಿದ್ದಾಗ ಪಕ್ಕದ ಮೇಜಿನಿಂದ ಪಿಸುಮಾತು ಕೇಳಿಸಿತು. "ಹೌದು ಸಾರ್, ಮನೇಲೇ ಇದೀನಿ ಸಾರ್." ಕನ್ನಡ! ತಿರುಗಿ ನೋಡಿದರೆ ಇಪ್ಪತ್ತೆಂಟರ ಹುಡುಗ. ದಾವಣಗೆರೆಯವನು, ಕಂಪನಿ ಬೆಂಗಳೂರಿನದು. ಅವನ ಬೆನ್ನ ಹಿಂದೆ ನಿಜವಾಗಿ ಇದ್ದದ್ದು ತೇಗದ ಗೋಡೆ, ತೂಗು ಜರೀಗಿಡ, ಬಿಸಿಲು, ದೂರದಲ್ಲಿ ದೋಯ್ ಸುಥೆಪ್ ಬೆಟ್ಟ. ಸ್ಕ್ರೀನಿನಲ್ಲಿ ಅವನ ಹಿಂದೆ ಇದ್ದದ್ದು ಒಂದು ಬೀರು, ಒಂದು ಕ್ಯಾಲೆಂಡರ್. ದಾವಣಗೆರೆಯ ಮನೆಯ ಕೋಣೆಯ ಫೋಟೋ ತೆಗೆದು ಬ್ಯಾಕ್‌ಗ್ರೌಂಡಿಗೆ ಹಾಕಿಕೊಂಡಿದ್ದ. ಕಂಪನಿಯ ಲೆಕ್ಕದಲ್ಲಿ ಅವನು ಇನ್ನೂ ದಾವಣಗೆರೆಯಲ್ಲೇ ಇದ್ದಾನೆ. ತಿಂಗಳು ತಿಂಗಳು ಕ್ಯಾಲೆಂಡರಿನ ಹಾಳೆ ತಿರುವಿ ಹೊಸ ಫೋಟೋ ಕಳಿಸುವ ಕೆಲಸ ತಂಗಿಯದಂತೆ.

ಅವನ ದೊಡ್ಡ ಕಷ್ಟ ಬಾಗಿಲು. ಯಾರೇ ಒಳಗೆ ಬಂದರೂ ಕೌಂಟರಿನವರೆಲ್ಲ ಒಟ್ಟಿಗೆ ರಾಗವಾಗಿ "ಸವಾದೀ ಖಾ..." ಅನ್ನುತ್ತಾರೆ. ಬಾಗಿಲು ಅಲ್ಲಾಡಿದರೆ ಇವನ ಬೆರಳು ಮ್ಯೂಟ್ ಬಟನ್ ಮೇಲೆ. ಒಮ್ಮೆ ತಡವಾಯಿತು.

"ಯಾರಪ್ಪಾ ಅದು?" ಅಂದರಂತೆ ಮ್ಯಾನೇಜರು.

"ನಮ್ಮ ಅತ್ತಿಗೆ ಸಾರ್. ಸಂಗೀತ ಕಲೀತಿದಾರೆ."

"ಹೌದಾ? ಯಾವ ರಾಗ?"

ಅವತ್ತು ನೆಟ್‌ವರ್ಕ್ ತಾನಾಗಿ ಹೋಯಿತೋ ಇವನೇ ಕಡಿದನೋ ಅಂತ ನಾನು ಕೇಳಲಿಲ್ಲ.

"ಅಲ್ಲಪ್ಪಾ, ಹೇಳಿಯೇ ಬರಬಹುದಿತ್ತಲ್ವಾ?" ಅಂದೆ.

"ಅಣ್ಣಾ, ಹೇಳಿದ್ರೆ ಕಳಿಸ್ತಾರಾ? ಅದೂ ಅಲ್ದೆ ಟೈಮೂ ಅಂಥಾ ವ್ಯತ್ಯಾಸ ಇಲ್ಲ. ಒಂದೂವರೆ ಗಂಟೆ. ನಮ್ಮೂರಿನ ಒಂಬತ್ತೂವರೆ ಮೀಟಿಂಗು ಇಲ್ಲಿ ಹನ್ನೊಂದಕ್ಕೆ. ಆರಾಮಾಗಿ ಏಳಬಹುದು."

ಮೂರು ತಿಂಗಳಲ್ಲಿ ಏನೇನು ನೋಡಿದೆ ಅಂದೆ. ಬೆರಳು ಮಡಚಿದ. ಈ ಕೆಫೆ, ಎದುರಿನ ಕೆಫೆ, ಹಿಂದಿನ ಗಲ್ಲಿಯ ಕೆಫೆ, ಮಾಲ್‌ನೊಳಗಿನ ಕೆಫೆ. ಬೆಟ್ಟದ ಮೇಲಿನ ದೇವಸ್ಥಾನ? "ಸ್ಪ್ರಿಂಟ್ ಮುಗೀಲಿ ಅಣ್ಣಾ." ಸ್ಪ್ರಿಂಟ್ ಅಂದರೆ ಗಡುವು ಹಾಕಿ ಕೊಟ್ಟ ಕೆಲಸದ ಕಂತು. ಅದು ಮುಗಿದಿದ್ದನ್ನು ಕಂಡ ಸಾಫ್ಟ್‌ವೇರಿನವರು ಯಾರಾದರೂ ಇದ್ದರೆ ತಿಳಿಸಿ.

ನಾನು ನಕ್ಕೆ. ಅಷ್ಟರಲ್ಲಿ ನಮ್ಮಮ್ಮನ ವಿಡಿಯೋ ಕಾಲ್ ಬಂತು. ಫೋನನ್ನು ಸುತ್ತಲೂ ತಿರುಗಿಸಿ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದೂರ ಹೋಗಿ ಹೋಟ್ಲಲ್ಲಿ ಕೂತಿದೀಯಾ? ಇಲ್ಲೇ ಕೂತಿದ್ರೆ ನಾನೇ ಕಾಫಿ ಮಾಡಿಕೊಡ್ತಿದ್ನಲ್ಲೋ" ಅಂದರು. "ಹಿಂದೆ ಎಲ್ಲರೂ ಯಾಕೆ ಪರೀಕ್ಷೆ ಬರೀತಾ ಇದಾರೆ?" ಅಂತಲೂ ಕೇಳಿದರು.

ಕಾಫಿಯ ಮೇಲೆ ನನಗೆ ತಕರಾರಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಕಾಫಿ ನಿಜಕ್ಕೂ ಚೆನ್ನಾಗಿದೆ. ನಮ್ಮ ಬೆಟ್ಟಕ್ಕೆ ಬಾಬಾ ಬುಡನ್ ಏಳು ಬೀಜ ಬಚ್ಚಿಟ್ಟುಕೊಂಡು ತಂದರು ಅನ್ನುತ್ತೇವಲ್ಲ, ಇಲ್ಲಿನ ಬೆಟ್ಟಗಳದ್ದು ಬೇರೆ ಕಥೆ. ಇಲ್ಲಿ ಬೆಳೆಯುತ್ತಿದ್ದದ್ದು ಅಫೀಮು. 1969ರಲ್ಲಿ ದೊರೆ ಭೂಮಿಬೋಲ್ ಶುರು ಮಾಡಿದ ರಾಯಲ್ ಪ್ರಾಜೆಕ್ಟ್, ಅಫೀಮಿನ ಬದಲಿಗೆ ಬೆಟ್ಟದ ಜನರ ಕೈಗೆ ಅರೇಬಿಕಾ ಕಾಫಿ, ಹಣ್ಣು, ತರಕಾರಿ ಕೊಟ್ಟಿತು. ಇವತ್ತು ದೋಯ್ ಚಾಂಗ್ ಬೆಟ್ಟದ ಅಖಾ ಜನರ ಕಾಫಿಗೆ ಹೊರದೇಶಗಳಲ್ಲೂ ಹೆಸರಿದೆ. ಒಂದು ಚಟ ಬಿಡಿಸಲು ತಂದ ಗಿಡ. ಅದರ ನೆರಳಲ್ಲಿ ಈಗ ನಾವು ಇನ್ನೊಂದು ಚಟ ಹಿಡಿದು ಕೂತಿದ್ದೇವೆ, ಪಾಸ್‌ವರ್ಡ್ ಕೇಳಿಕೊಂಡು.

ಕಾಫಿಯ ಜೊತೆ ಒಂದು ಪುಟ್ಟ ಕಾರ್ಡ್ ಕೊಡುತ್ತಾರೆ. ಬೀಜ ಯಾವ ಬೆಟ್ಟದ್ದು, ಎಷ್ಟು ಎತ್ತರದ್ದು, ಹೇಗೆ ಒಣಗಿಸಿದ್ದು, ರುಚಿಯಲ್ಲಿ ಏನೇನು ಸಿಗುತ್ತದೆ ಅಂತ. ನನ್ನದರಲ್ಲಿ ಹಲಸಿನ ಹಣ್ಣು, ಜೇನು, ಮಲ್ಲಿಗೆ ಅಂತಿತ್ತು. ಮೂರನ್ನೂ ಹುಡುಕಿದೆ. ಕಾಫಿಯ ರುಚಿ ಸಿಕ್ಕಿತು. ದಾವಣಗೆರೆಯವನಂತೂ ಕಾರ್ಡ್ ಓದುವುದೇ ಇಲ್ಲ. ಅದನ್ನು ಮಡಚಿ ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಡುತ್ತಾನೆ.

ಕೆಫೆಯವರೂ ಸುಮ್ಮನೆ ಕೂತಿಲ್ಲ. ಥಾಯ್ ಜನ ಗಿರಾಕಿಯನ್ನು ಎದ್ದು ಹೋಗು ಅನ್ನಲಾರರು, ಅದು ಅವರ ಮರ್ಯಾದೆಗೆ ಒಗ್ಗದು. ಬದಲಿಗೆ ಗೋಡೆಗಳು ಮಾತಾಡುತ್ತವೆ. ಒಂದು ಕಡೆ ಲ್ಯಾಪ್‌ಟಾಪ್‌ಗೆ ಎರಡೇ ಗಂಟೆ ಅಂತ ಬೋರ್ಡು. ಇನ್ನೊಂದು ಕಡೆ ವೈಫೈ ಪಾಸ್‌ವರ್ಡ್ ಬಿಲ್ಲಿನ ಮೇಲೆ, ಎರಡು ಗಂಟೆಯಲ್ಲಿ ಅದರ ಆಯಸ್ಸು ಮುಗಿಯುತ್ತದೆ. ಮತ್ತೊಂದು ಕಡೆ ಪ್ಲಗ್ ಪಾಯಿಂಟಿಗೆ ಟೇಪ್ ಅಂಟಿಸಿ ಅದರ ಮೇಲೆ ನಗುವ ಬೆಕ್ಕಿನ ಚಿತ್ರ. ನಮ್ಮ ದರ್ಶಿನಿಯವರಂತೂ ಈ ಸಮಸ್ಯೆಯನ್ನು ಹುಟ್ಟುವ ಮೊದಲೇ ಮುಗಿಸಿದ್ದರು: ಕುರ್ಚಿಯನ್ನೇ ಇಡಲಿಲ್ಲ.

ಒಂದು ಡರ್ಟಿಗೆ ನಾನು ಕೊಟ್ಟದ್ದು 120 ಬಾತ್. 2025ರಲ್ಲಿ ಚಿಯಾಂಗ್ ಮಾಯ್ ನಗರದ ಕನಿಷ್ಠ ಕೂಲಿ ದಿನಕ್ಕೆ 380 ಬಾತ್. ಮೂರು ಲೋಟದಲ್ಲಿ ಹೆಚ್ಚುಕಡಿಮೆ ಒಂದು ದಿನದ ಕೂಲಿ. ಕಾಫಿ ರೇಟು ಜಾಸ್ತಿ ಅಂತ ಗೊಣಗುವವರೇ ಅಲ್ಲಿ ಎಲ್ಲರೂ. ಆರು ಗಂಟೆಗೆ ಭಾಗಿಸಿದರೆ ಕುರ್ಚಿ, ಏಸಿ, ವೈಫೈ, ಕರೆಂಟು, ಟಾಯ್ಲೆಟ್ಟು, ಬೆಟ್ಟದ ನೋಟ ಎಲ್ಲಾ ಸೇರಿ ಗಂಟೆಗೆ 20 ಬಾತ್ ಬಾಡಿಗೆ. ಕಾಫಿ ಪುಕ್ಕಟೆ.

ಮಾರ್ಚ್ ಬಂದರೆ ಬೆಟ್ಟದ ನೋಟವೂ ಇರುವುದಿಲ್ಲ. ಕಾಡಿಗೂ ಹೊಲಗಳಿಗೂ ಬೆಂಕಿ ಬೀಳುವ ಕಾಲ. ಹೊಗೆ ಕಣಿವೆಯಲ್ಲಿ ನಿಂತು, ಪ್ರಪಂಚದ ಅತಿ ಕೆಟ್ಟ ಗಾಳಿಯ ಊರುಗಳ ಪಟ್ಟಿಯಲ್ಲಿ ಚಿಯಾಂಗ್ ಮಾಯ್ ಎಷ್ಟೋ ದಿನ ಮೊದಲನೆಯದಾಗಿರುತ್ತದೆ. ದೋಯ್ ಸುಥೆಪ್ ಇಡೀ ಬೆಟ್ಟವೇ ಕಾಣೆ. ಆಗ ಅಲೆಮಾರಿಗೆ ತಾನು ಅಲೆಮಾರಿ ಅನ್ನುವುದು ನೆನಪಾಗುತ್ತದೆ. ಸಮುದ್ರದ ಕಡೆ ವಿಮಾನ ಹತ್ತುತ್ತಾನೆ. ಕೌಂಟರಿನ ಹುಡುಗಿ ಮಾಸ್ಕ್ ಹಾಕಿಕೊಂಡು ಖಾಲಿ ಕುರ್ಚಿಗಳನ್ನು ಒರೆಸುತ್ತಾಳೆ. ದಾವಣಗೆರೆಯವನೂ ಹೊರಟ. ಅವನ ಬ್ಯಾಕ್‌ಗ್ರೌಂಡಿನಲ್ಲಿ ಮಾತ್ರ ಗಾಳಿ ಶುಭ್ರವಾಗಿಯೇ ಇತ್ತು, ಕ್ಯಾಲೆಂಡರಿನಲ್ಲಿ ಯುಗಾದಿ ಬಂದಿತ್ತು.

ನಾನು ಹೊರಡುವ ಹಿಂದಿನ ಸಂಜೆ ಕೆಫೆ ಮುಚ್ಚುವ ತನಕ ಕೂತಿದ್ದೆ. ಹುಡುಗಿ ಏಪ್ರನ್ ಬಿಚ್ಚಿ ರಸ್ತೆ ದಾಟಿದಳು. ಅಲ್ಲೊಬ್ಬ ಮುದುಕ ತಳ್ಳುಗಾಡಿಯಲ್ಲಿ ಹಳೇ ಕಾಲದ ಕಾಫಿ ಮಾರುತ್ತಾನೆ. ಬಟ್ಟೆಯ ಉದ್ದ ಚೀಲದಲ್ಲಿ ಪುಡಿ ಹಾಕಿ, ಬಿಸಿನೀರು ಎರಡು ಮೂರು ಸಲ ಹೊಯ್ದು, ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಕೊಡುವುದು. ಇಪ್ಪತ್ತೈದು ಬಾತ್. ಯಾವ ಬೆಟ್ಟದ್ದು, ಎಷ್ಟು ಎತ್ತರ, ಏನೂ ಇಲ್ಲ. ದಿನವಿಡೀ ಡರ್ಟಿ ಮಾಡಿದ ಹುಡುಗಿ ನಿಂತಲ್ಲೇ ನಿಂತು ಅದನ್ನು ಮೂರು ಗುಟುಕಿಗೆ ಮುಗಿಸಿ, ಸ್ಕೂಟರ್ ಹತ್ತಿ ಹೋದಳು.

ನಾನೂ ಹೋಗಿ ಒಂದು ಕೊಳ್ಳೋಣ ಅಂತ ಎದ್ದೆ. ಗಾಡಿಯ ಎರಡೂ ಪಕ್ಕ ಬಗ್ಗಿ ನೋಡಿದೆ. ಪ್ಲಗ್ ಪಾಯಿಂಟ್ ಇರಲಿಲ್ಲ.